ಮುರಿದ ಸೂಜಿಯ ಮೊನೆ

ಟಕ್ ಎಂದಿತು. ಅರ್ಪಿತ ಹೊಲಿಗೆ ಮೆಷಿನ್ನಿನ ಪೆಡಲಿನಿಂದ ಕಾಲು ತೆಗೆದಳು. ಸೂಜಿ ಮುರಿದಿತ್ತು. ಬುಡ ಮೆಷಿನ್ನಿನಲ್ಲೇ ಇತ್ತು. ಮೊನೆ ಎಲ್ಲೂ ಕಾಣಲಿಲ್ಲ.

ಮುಂದೆ ಹಸುಗೂಸುಗಳ ಹಳದಿ ಅಂಗಿಗಳ ರಾಶಿ. ಅದರಲ್ಲಿ ಯಾವುದೋ ಒಂದರ ಹೊಲಿಗೆಯೊಳಗೆ ಮೊನೆ ಹೊಕ್ಕಿರಬೇಕು.

ತಲೆಯ ಮೇಲೆ ಮೆಷಿನ್ನುಗಳನ್ನು ನಿಲ್ಲಿಸುವ ಕೆಂಪು ಸ್ವಿಚ್ಚಿನ ಗುಂಡಿ ನೇತಾಡುತ್ತಿತ್ತು. ಮದ್ದೂರಿನ ಈ ಗಾರ್ಮೆಂಟ್ಸಿಗೆ ಹೊಸದಾಗಿ ಬಂದ ಮ್ಯಾನೇಜರ್ ರಘುನಂದನ್ ಹಾಕಿಸಿದ್ದು. ತಪ್ಪು ಕಂಡವರು ಒತ್ತಿ, ಸಾಲಿನ ಮೆಷಿನ್ನುಗಳೆಲ್ಲ, ಇಡೀ ಲೈನು ನಿಲ್ಲಲಿ, ಯಾರೂ ಬೈಯುವುದಿಲ್ಲ, ದಿನಾ ಸ್ವಲ್ಪ ಸುಧಾರಿಸೋಣ ಎಂದು ಭಾಷಣ ಬಿಗಿದಿದ್ದ. ಭಾಷಣಕ್ಕೇನು, ಯಾರು ಬೇಕಾದರೂ ಮಾಡುತ್ತಾರೆ.

ಅದನ್ನು ಒತ್ತಿದವಳು ಚಿಕ್ಕಬೋರಮ್ಮ ಒಬ್ಬಳೇ. ಹೋದ ವಾರ, ಅಂಗಿಯ ಕತ್ತು ಬಿಗಿ ಎಂದು ಲೈನು ನಿಲ್ಲಿಸಿದಳು. ಆಫೀಸಿಗೆ ಕರೆದರು. ಮಾರನೆಯ ದಿನ ಅವಳ ಜಾಗದಲ್ಲಿ ಬೇರೆಯವಳು ಕೂತಿದ್ದಳು. ಅವಳ ಊರು ಹೊಳಲಿನಿಂದ ಕೆಲಸದವರನ್ನು ತರುವ ವ್ಯಾನಿನಲ್ಲೂ ಅವಳಿರಲಿಲ್ಲ. ಎಲ್ಲಿ ಹೋದಳೆಂದು ಮೇಲಿನವರು ಹೇಳಲಿಲ್ಲ. ಕೆಳಗಿನವರಿಗೆ ಕೇಳುವ ಧೈರ್ಯವಿರಲಿಲ್ಲ.

ಅರ್ಪಿತಳ ಕೈ ಗುಂಡಿಯ ಕಡೆ ಹೋಯಿತು.

"ಒತ್ತಬ್ಯಾಡ ಕಣೆ," ಪಕ್ಕದ ಮೆಷಿನ್ನಿನ ತೂಬಾ ಪಿಸುಗುಟ್ಟಿದಳು. "ಬೋರಕ್ಕನ ಗತಿ ಮರ್ತೋಯ್ತಾ?"

"ಕೂಸಾಕೊಳೋ ಬಟ್ಟೆ ಕಣೆ. ಚುಚ್ಚುದ್ರೆ?"

"ಬೆಂಗ್ಳೂರ್ ಆಫೀಸಲ್ಲಿ ಬಟ್ಟೇಲಿರೋ ಕಬ್ಬಿಣ ಹಿಡಿಯೋ ಮೆಷಿನೈತೆ. ಫಾರಿನ್‌ಗೋಗೋಕ್ ಮುಂಚೆ ಅಲ್ಲೇ ಸಿಗಾಕತದೆ. ಬಾಯ್ಮುಚ್ಕಂಡು ಒಲಿ."

ಮುರಿದ ಚೂರನ್ನೆಲ್ಲ ಒಪ್ಪಿಸದೆ ಸ್ಟೋರಿನಲ್ಲಿ ಹೊಸ ಸೂಜಿ ಕೊಡುತ್ತಿರಲಿಲ್ಲ. ಅದಕ್ಕೇ ಎಲ್ಲರೂ ಮಂಡ್ಯದ ಪೇಟೆಯಲ್ಲಿ ಕೊಂಡ ಸೂಜಿಯನ್ನು ರವಿಕೆಯೊಳಗೆ ಸಿಕ್ಕಿಸಿಕೊಂಡೇ ಬರುತ್ತಿದ್ದರು. ಅರ್ಪಿತ ತನ್ನದನ್ನು ತೆಗೆದಳು. ಮೆಷಿನ್ನಿಗೆ ಸಿಕ್ಕಿಸಿದಳು. ಕೂಸಿನ ಸಮೇತ ಕೆಲಸಕ್ಕೆ ಬರಗೊಡುವ ಜಾಗ ಅವಳಿಗೆ ಇದೊಂದೇ. ಇದೂ ಹೋದರೆ ಗಂಡನ ಮನೆಯ ಬಾಗಿಲಿಗೆ ಹೋಗಿ ನಿಲ್ಲಬೇಕು. ಅಲ್ಲಿನ ಏಟುಗಳ ಗುರುತು ಮೈಮೇಲೆ ಇನ್ನೂ ಮಾಸಿರಲಿಲ್ಲ.

ಹೊಲಿದಳು. ರಾಶಿ ಕರಗಿತು. ಕಟ್ಟು ಕಟ್ಟಿ ಹೊತ್ತೊಯ್ದರು.

ಊಟ ಮುಗಿದ ಹೊತ್ತಿಗೆ ಪ್ಯೂನ್ ಪುಟ್ಟರಾಜು ಬಂದ. "ಎದ್ದೇಳ್ರಮ್ಮ. ಸಾಹೇಬ್ರು ನಿಮ್ ಲೈನ್ನೋರ್ನೆಲ್ಲ ಕರೀತಾವ್ರೆ."

"ಯಾಕಣ್ಣ?" ಅರ್ಪಿತ ಕೇಳಿದಳು.

"ನಂಗೇನ್ ಕಿವೀಲಿ ಯೋಳಿ ಕಳ್ಸವ್ರಾ? ನಡೀರಿ."

ಸೂಜಿ ಮುರಿದದ್ದು ಗೊತ್ತಾಗಿಹೋಗಿದೆ ಎಂದುಕೊಂಡಳು. ಎಲ್ಲರೂ ಎದ್ದರೂ ಅವಳು ಕೂತೇ ಇದ್ದಳು. ತೂಬಾ ರಟ್ಟೆ ಹಿಡಿದು ನಡೆಸಿದಳು. ಪುಟ್ಟರಾಜು ಆಫೀಸನ್ನೂ ದಾಟಿ ಹಿಂದಿನ ಕಟ್ಟಡದ ಕಡೆ ತಿರುಗಿದ.

ಅಲ್ಲಿ ಮುಚ್ಚಿದ ಬಾಗಿಲ ಮುಂದೆ ರಘುನಂದನ್ ನಿಂತಿದ್ದ. ಪಕ್ಕದಲ್ಲಿ ಚಿಕ್ಕಬೋರಮ್ಮ.

"ತಪ್ಪು ಹೇಳೋಕೆ ಹೆದರದೇ ಇದ್ದವರು ಇವರೊಬ್ಬರೇ," ಎಂದ ರಘುನಂದನ್. "ಬೆಂಗಳೂರಲ್ಲಿ ತರಬೇತಿ ಕೊಡಿಸಿದೀನಿ. ಇವತ್ತಿಂದ ಇವರೇ ನಿಮ್ಮ ಸೂಪರ್‌ವೈಸರ್."

"ನನ್ನ ಓಡ್ಸವ್ರೆ ಅನ್ಕಂಡಿದ್ರೇನ್ರೇ?" ಚಿಕ್ಕಬೋರಮ್ಮ ನಕ್ಕಳು. "ಗೊಂಬೆಗಾಕಿ ನೋಡುದ್ರೆ ಕತ್ತಿನ ಅಳತೆ ಏನ್ ಗೊತ್ತಾಯ್ತದೆ? ಅದ್ಕೇ ಬೆಳಿಗ್ಗೆ ನೀವ್ ಒಲ್ದಿದ್ ಅಂಗಿಗಳ್ನ ಬೆಂಗ್ಳೂರ್ಗೆ ಕಳ್ಸಕ್ಕೆ ಬುಡ್ಲಿಲ್ಲ. ಬನ್ನಿ, ನೋಡಿ."

ಬಾಗಿಲು ತೆರೆಯಿತು. ಅದು ಕೆಲಸದ ಹೊತ್ತಿನಲ್ಲಿ ತಾಯಂದಿರು ಮಕ್ಕಳನ್ನು ಬಿಡುವ ಫ್ಯಾಕ್ಟರಿಯ ಕೂಸಿನ ಮನೆ. ಅವರವರ ಮಕ್ಕಳೆಲ್ಲ ಹಳದಿ ಅಂಗಿ ತೊಟ್ಟು ನೆಲದ ಮೇಲೆ ತೆವಳುತ್ತಿದ್ದವು. ಅರ್ಪಿತ ನುಗ್ಗಿದಳು, ತನ್ನದೋ ತೂಬಾಳದೋ ನೋಡದೆ, ಮೊದಲು ಕೈಗೆ ಸಿಕ್ಕ ಕೂಸಿನ ಮೈಮೇಲಿನ ಅಂಗಿಯನ್ನು ಪರ್ರನೆ ಹರಿದಳು.