ಒಂದು ರೆಕ್ಕೆಗೆ ಬಳಿದ ಎಣ್ಣೆ

ಎಂಬತ್ತರ ದಶಕದ ಆರಂಭ, ಮೇ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಪಡೀಲಿನ ಮನೆಯ ಜಗಲಿಯಲ್ಲಿದ್ದವರು ಅಜ್ಜ, ಮಸ್ಕತ್‌ನಿಂದ ರಜೆಯಲ್ಲಿ ಬಂದಿದ್ದ ಮಾವ ಮತ್ತು ನಾನು. ಗೇರುಬೀಜದ ಸಿಪ್ಪೆಯ ಎಣ್ಣೆಯ ಘಾಟು ಮೂಗಿಗೆ ಬಡಿದರೆ ಈಗಲೂ ನಾನು ಆ ಜಗಲಿಗೇ ಹೋಗಿ ನಿಲ್ಲುತ್ತೇನೆ.

ಮಾವ ತಂದಿದ್ದ ಹಗುರ ಮರದ ಹಾಳೆಗಳಿಂದ ವಾರವಿಡೀ ಕೂತು ವಿಮಾನ ಕಟ್ಟಿದ್ದೆವು. ಅದಕ್ಕೆ ಪುಟ್ಟ ಎಂಜಿನ್, ಎರಡು ಸಪೂರ ತಂತಿ. ತಂತಿಯ ಹಿಡಿ ಹಿಡಿದು ನಡುವೆ ನಿಂತವರ ಸುತ್ತ ಅದು ಹಾರಬೇಕು. ಮರುದಿನ ಬೆಳಿಗ್ಗೆ ಮಾವ ಹೊರಡುವವರು. ಹಾರುವುದಿದ್ದರೆ ಅಂದೇ ಹಾರಬೇಕಿತ್ತು.

ನಾವು ಊಟ ಮುಗಿಸಿ ಬರುವಷ್ಟರಲ್ಲಿ ಅಜ್ಜ ಬಲರೆಕ್ಕೆಯ ತುದಿಗೆ ಆ ಎಣ್ಣೆ ಬಳಿದಿದ್ದರು. ಮಳೆಗಾಲಕ್ಕೆ ಮುಂಚೆ ಮನೆಯ ಮರದ ಸಾಮಾನಿಗೆಲ್ಲ ಬಳಿಯುವುದು ಅವರ ಕ್ರಮ.

"ಎಂತ ಅಪ್ಪ ಇದು? ವಿಮಾನ ಇದು, ಬಾಗಿಲಿನ ದಾರಂದ ಅಲ್ಲ!"

"ಗೆದ್ದಲು ಬಂದ್ರೆ ಮಸ್ಕತ್‌ನಿಂದ ಬಂದು ಓಡಿಸ್ತೀಯಾ ಮಾರಾಯ?"

ನನಗೆ ಅಳು ಬಂತು. ಮಾವ ವಿಮಾನವನ್ನು ಬೆರಳ ಮೇಲೆ ನಿಲ್ಲಿಸಿ ನೋಡಿದರು. ಅದು ಬಲಕ್ಕೆ ವಾಲಿತು. ಅವರು ನಕ್ಕುಬಿಟ್ಟರು.

"ಸುತ್ತುವಾಗ ಹೊರಗೆ ಬರುದು ಈ ಬಲರೆಕ್ಕೆಯೇ. ಅದು ಸ್ವಲ್ಪ ಭಾರ ಇದ್ರೇ ತಂತಿ ಬಿಗಿ ನಿಲ್ಲುದು. ಅಲ್ಲಿಗೆ ಸೀಸದ ತುಂಡು ಅಂಟಿಸ್ಬೇಕು ಅಂತ ಇದ್ದೆ. ಇನ್ನು ಬೇಡ."

ಒಣಗಿದ ಗದ್ದೆಯಲ್ಲಿ ವಿಮಾನ ಜೀರುಂಡೆಯಂತೆ ಕಿರುಚುತ್ತ ಎದ್ದು ಮಾವನ ಸುತ್ತ ತಿರುಗಿತು. ಅದು ಇಳಿದೊಡನೆ ಅಜ್ಜ ಮುಂಡು ಎತ್ತಿ ಕಟ್ಟಿಕೊಂಡು ಬಂದರು.

"ಎಲ್ಲಿ, ಕೊಡು. ನನ್ನ ಕೆಲಸವೂ ಉಂಟಲ್ಲ ಅದ್ರಲ್ಲಿ."

ತಂತಿಯ ಹಿಡಿ ಹಿಡಿದು ವಿಮಾನದ ಜೊತೆ ತಾವೂ ಸುತ್ತಿ ಸುತ್ತಿ, ಎಂಜಿನ್ ನಿಲ್ಲುವಷ್ಟರಲ್ಲಿ ಅಜ್ಜನ ತಲೆ ತಿರುಗಿತ್ತು. ಮಾವ ತೋಳು ಹಿಡಿದು ಬದುವಿನ ಮೇಲೆ ಕೂರಿಸಿದರು, ತಾವೂ ಪಕ್ಕದಲ್ಲೇ ಕೂತರು. ಕತ್ತಲಾಗುವ ಮುನ್ನ ನಾನು ತಂತಿಗಳನ್ನು ಗಂಟಾಗದಂತೆ ಸುತ್ತಿಟ್ಟೆ.