ಫೋಟೋದಲ್ಲಿದ್ದ ಚಿಕ್ಕಪ್ಪ

ಕೊಳ್ಳೇಗಾಲದ ನನ್ನ ಮನೆಯಲ್ಲಿ ಹುರುಳಿ ಬೇಯುವ ವಾಸನೆ ಬಂದಾಗಲೆಲ್ಲ ಕಾಡಂಚಿನ ನಮ್ಮೂರು ಹೂಗ್ಯಂನ ಆ ಮಧ್ಯಾಹ್ನ ನೆನಪಾಗುತ್ತದೆ. ನನಗಾಗ ಏಳು ವರ್ಷ. ಅಜ್ಜಿ ಒಲೆಯ ಮುಂದೆ ಕೂತಿದ್ದಾಗ ಇಬ್ಬರು ಪೊಲೀಸರು ಜೀಪಿನಿಂದ ಇಳಿದು ಒಳಗೆ ಬಂದರು. ಒಬ್ಬ ಒಂದು ಹಳೆಯ ಫೋಟೋ ಚಾಚಿದ. ಅದು ನನ್ನ ಅಪ್ಪನ ಮದುವೆಯದು. ಚಪ್ಪರದ ಕಂಬಕ್ಕೆ ಒರಗಿ ನಿಂತವನ ಸುತ್ತ ಕೆಂಪು ಶಾಯಿಯ ಗೆರೆ ಎಳೆದಿದ್ದರು. ಅವನು ವರ್ಷದ ಹಿಂದೆ ಕಾಡುಗಳ್ಳರ ಜೊತೆ ಕಾಡು ಸೇರಿದ್ದ ನನ್ನ ಚಿಕ್ಕಪ್ಪ.

“ಯಾರಮ್ಮ ಇವನು?”

“ಮದ್ವೆ ಊಟಕ್ಕೆ ಊರೆಲ್ಲ ಬಂದಿತ್ತು ಸಾ. ಯಾರ್ ಯಾರು ಅಂತ ಯೋಳ್ಲಿ?” ಎಂದಳು ಅಜ್ಜಿ.

ಪೊಲೀಸಿನವನು ಫೋಟೋವನ್ನು ನನ್ನ ಮುಖದ ಹತ್ತಿರ ತಂದ. “ನೀನು ಹೇಳು ಪುಟ್ಟಿ.”

ಅಜ್ಜಿ ನನ್ನ ಕಡೆ ನೋಡಲಿಲ್ಲ. ಸೌದೆಯನ್ನು ಒಲೆಯೊಳಕ್ಕೆ ತಳ್ಳುತ್ತಿದ್ದಳು.

“ಗೊತ್ತಿಲ್ಲ” ಎಂದೆ.

ಜೀಪಿನ ಸದ್ದು ದೂರವಾಯಿತು. ಆಮೇಲೆ ಅಜ್ಜಿ ನನ್ನನ್ನು ಹತ್ತಿರಕ್ಕೆ ಎಳೆದುಕೊಂಡು ಮೆಲ್ಲಗೆ ಕೇಳಿದಳು:

“ನಂಗೆ ಕಣ್ಣು ಮಂಜು ಕಣವ್ವ. ಅದ್ರಲ್ಲಿ ನನ್ ಮಗ ನಗ್ತಾ ಇದ್ನಾ?”