ರೂಮು ಖಾಲಿ ಮಾಡಿ

ನಾಟಕದ ಎರಡನೆಯ ಅಂಕದಲ್ಲಿ ನಟ ನಾರ್ಮನ್ ಬ್ರಾಕ್ ಸತ್ತ ಮಗನ ಕೋಟನ್ನು ಮಡಿಚುತ್ತಿದ್ದಾಗ ಮೂರನೆಯ ಸಾಲಿನ ಹೆಂಗಸೊಬ್ಬಳು ಅತ್ತಳು. ಸ್ಕಾರ್ಬರೋ ಕಡಲತೀರದ ಆ ನಾಟಕಶಾಲೆ ಉಸಿರು ಬಿಗಿಹಿಡಿದಿತ್ತು. ಇಪ್ಪತ್ತು ವರ್ಷ ರಂಗದ ಮೇಲೂ ಸಿನಿಮಾದಲ್ಲೂ ಅವನಿಗೆ ಸಿಕ್ಕಿದ್ದು ಒಂದೇ ಪಾತ್ರ: ವಸತಿಗೃಹದ ಸಿಡುಕು ಮಾಲೀಕ. ಅವನು ಹುಬ್ಬೇರಿಸಿದರೆ ಸಾಕು, ಇಂಗ್ಲೆಂಡು ನಗುತ್ತಿತ್ತು. ಈ ಗಂಭೀರ ನಾಟಕಕ್ಕಾಗಿ ಕಂಡಕಂಡವರ ಕಾಲು ಹಿಡಿದಿದ್ದ. ಮೊದಲ ಅಂಕವಿಡೀ ಜನ ನಕ್ಕಿದ್ದರು. ಈಗಷ್ಟೇ ನಿಲ್ಲಿಸಿದ್ದರು.

ಪರದೆಯ ಮರೆಯಿಂದ ರಂಗನಿರ್ವಾಹಕಿ ಐರಿಸ್ ಪಿಸುಗುಟ್ಟಿದಳು. "ನಾರ್ಮನ್, ನೆಲಮಾಳಿಗೆಗೆ ಬೆಂಕಿ ಬಿದ್ದಿದೆ. ಪರದೆ ಇಳಿಸಿ ಹೇಳಿಬಿಡ್ಲಾ?"

ನಾರ್ಮನ್ ತುಂಬಿದ ಬಾಲ್ಕನಿಯನ್ನೂ ಕಿರಿದಾದ ಬಾಗಿಲುಗಳನ್ನೂ ನೋಡಿ, ಜನರಿಗೆ ಬೆನ್ನು ತಿರುಗಿಸಿದ. "ಬೇಡ. ಬೆಂಕಿ ಅಂದ್ರೆ ಒಬ್ಬರನ್ನೊಬ್ರು ತುಳಿದು ಸಾಯ್ತಾರೆ. ದೀಪ ಹಾಕ್ಸು, ಬಾಗಿಲೆಲ್ಲ ತೆಗೆಸು."

ಮತ್ತೆ ತಿರುಗಿ, ಅಳುತ್ತಿದ್ದ ಆ ಹೆಂಗಸಿನ ಮುಖವನ್ನು ಒಂದು ಕ್ಷಣ ನೋಡಿದ. ಕೋಟನ್ನು ಕೆಳಗಿಟ್ಟ. ಸೊಂಟದ ಮೇಲೆ ಕೈಯಿಟ್ಟು ಹುಬ್ಬೇರಿಸಿದ.

"ಏನ್ರೀ, ಹತ್ತು ಗಂಟೆಗೆ ರೂಮು ಖಾಲಿ ಮಾಡಿ ಅಂತ ಬೋರ್ಡು ಹಾಕಿಲ್ವಾ? ಇನ್ನೂ ಕೂತೇ ಇದೀರಲ್ಲ."

ಜನ ಕಕ್ಕಾಬಿಕ್ಕಿಯಾದರು. ಮರುಕ್ಷಣ ಗೊಳ್ಳೆಂದು ನಕ್ಕರು.

"ಮೊದಲು ಬಾಲ್ಕನಿ. ಅಗ್ಗದ ರೂಮಿನೋರೇ, ನಿಮಗೇ ಹೇಳ್ತಿರೋದು. ನೀಲಿ ಟೋಪಿ ಅಮ್ಮಾ, ಎಡಗಡೆ ಬಾಗಿಲು. ಓಡ್ಬೇಡಿ ಸ್ವಾಮಿ, ನನ್ನ ಕಾರ್ಪೆಟ್ ಸವೆಯುತ್ತೆ. ಟವೆಲ್ ಬ್ಯಾಗಿಗೆ ತುರುಕ್ಕೊಂಡಿದ್ರೆ ಅಲ್ಲೇ ಇಟ್ಟು ಹೋಗಿ."

ಜನ ಸಾಲುಸಾಲಾಗಿ ಎದ್ದು ಹೊಟ್ಟೆ ಹಿಡಿದುಕೊಂಡು ನಗುತ್ತ ನಡೆದರು. ಹಲಗೆಗಳ ಸಂದಿನಿಂದ ಹೊಗೆ ಏಳತೊಡಗಿದಾಗ, "ನನ್ನ ಹೆಂಡತಿ ಬೇಕನ್ ಸೀಯಿಸಿದಾಳೆ. ಬೇಗ ಹೋದ್ರೆ ತಿನ್ನೋದು ತಪ್ಪುತ್ತೆ" ಎಂದ. ಅವನ ಬೂಟಿನಡಿ ಹಲಗೆ ಕಪ್ಪಾಗುವುದು ಐರಿಸಳಿಗೆ ಕಾಣುತ್ತಿತ್ತು. ಕೊನೆಯ ಮುದುಕ ಊರುಗೋಲು ಕುಟ್ಟುತ್ತ ಹೊಸಿಲು ದಾಟುವವರೆಗೂ ನಾರ್ಮನ್ ಕದಲಲಿಲ್ಲ. ದನಿ ಒಮ್ಮೆಯೂ ನಡುಗಲಿಲ್ಲ.

ಹೊರಗೆ, ಕಡಲ ಕಟ್ಟೆಯ ಬಳಿ, ಜನ ಮುಂದಿನ ತಮಾಷೆಗೆ ಕಾಯುತ್ತಿದ್ದರು. ಚಾವಣಿ ಸೀಳಿ ಜ್ವಾಲೆ ಎದ್ದಾಗ ನಗು ಒಮ್ಮೆಲೇ ನಿಂತಿತು. ಮುಖಕ್ಕೆಲ್ಲ ಮಸಿ ಮೆತ್ತಿಕೊಂಡ ನಾರ್ಮನ್ ಐರಿಸಳ ಭುಜ ಹಿಡಿದು ಹೊರಬಂದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಗಂಡಸರು ಒಬ್ಬೊಬ್ಬರಾಗಿ ಟೋಪಿ ತೆಗೆದು ದಾರಿ ಬಿಟ್ಟರು.

"ಒಳಗೆ ಯಾರೂ ಉಳಿದಿಲ್ಲ ತಾನೆ?" ಎಂದು ಅವನು ಕೇಳಿದ.

ಆ ದನಿ ಕೇಳಿ ಪುಟ್ಟ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು. ತಾಯಿ ಗಾಬರಿಯಾಗಿ ಅವಳ ಬಾಯಿ ಮುಚ್ಚಿದಳು.

"ಕೈ ತೆಗೀರಮ್ಮ" ಎಂದ ನಾರ್ಮನ್, ಕಟ್ಟೆಯ ಮೇಲೆ ಕುಸಿದು ಕೂರುತ್ತ. "ನಗಲಿ."